ಸೊನ್ನೆ ಹಿಡಿದವರು ಅಲುಗಾಡಬಾರದು

೩ ಮಾರ್ಚ್

ಅತ್ತಿಗೆಗೆ ನಮಸ್ಕಾರ,

ಅಣ್ಣನ ಪತ್ರ ಸೋಮವಾರ ಬಂತು. ಒಂದೂವರೆ ಪುಟಕ್ಕೆ ಒಂಬತ್ತು ತಪ್ಪು. ಮೂವತ್ತು ವರ್ಷದಿಂದ ಅಚ್ಚುಕೂಟದಲ್ಲಿ ಕುಳಿತು ಊರವರ ತಪ್ಪನ್ನೆಲ್ಲ ತಿದ್ದುತ್ತಿರುವವನ ಸ್ವಂತ ಅಣ್ಣನೇ ಹೀಗೆ ಬರೆದರೆ ನನ್ನ ಮರ್ಯಾದೆ ಏನು ಉಳಿಯಿತು ಹೇಳಿ. ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ, ಅವನಿಗೆ ಕೊಡಿ. ನಾನು ಚಿಕ್ಕವನಿದ್ದಾಗ ನನ್ನ ಕಾಪಿ ಪುಸ್ತಕಕ್ಕೆ ಅವನು ಮಾಡುತ್ತಿದ್ದದ್ದೂ ಇದೇ. ಹಳೆಯ ಸೇಡು ಅಂತ ಹೇಳಿ.

ಒಂದು ಕಡೆಯಂತೂ ಪದವನ್ನೇ ಬಿಟ್ಟು, ಜಾಗ ಖಾಲಿ ಇಟ್ಟು ಮುಂದೆ ಹೋಗಿದ್ದಾನೆ. 'ನಿನ್ನೆಯೆಲ್ಲ ... ತುಂಬಾ ಗದ್ದಲ ಮಾಡಿತು' ಅಂತ. ಏನು ಗದ್ದಲ ಮಾಡಿತು? ಬೆಕ್ಕೋ, ಬಸ್ಸೋ? ನಾನು 'ಸಮುದ್ರ' ಅಂತ ತುಂಬಿದ್ದೇನೆ. ಕಡಲಂಚನ್ನು ಅಳೆಯುವುದೇ ಕೆಲಸವಾಗಿದ್ದ ಮನುಷ್ಯನಿಗೆ ಸಮುದ್ರ ಅನ್ನುವ ಮಾತು ಸಿಗಲಿಲ್ಲ ಅಂದರೆ ನಿವೃತ್ತಿಯ ಸೋಮಾರಿತನ ಮೈಗೆ ಚೆನ್ನಾಗಿ ಹತ್ತಿದೆ ಅಂತಲೇ ಅರ್ಥ.

ಒಂದು ಕೆಲಸ ಮಾಡಿ. ಅವನನ್ನು ಎಬ್ಬಿಸಿ ಕಡಲ ದಾರಿಗೆ ಕರೆದುಕೊಂಡು ಹೋಗಿ. ಬಂದರಿನಿಂದ ದೀಪಸ್ತಂಭದವರೆಗೆ, ಮೊದಲು ವರ್ಷಕ್ಕೊಮ್ಮೆ ನಾವು ಮೂವರೂ ಹೋಗುತ್ತಿದ್ದ ಹಾಗೆ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮುಗಿಯುತ್ತದೆ. ಆ ಗಾಳಿ ಒಂದು ಸಲ ಮುಖಕ್ಕೆ ಬಡಿದರೆ ಸರಿಹೋಗುತ್ತಾನೆ.

ನಿಮ್ಮ ಗುಬ್ಬಿ


೧೨ ಮಾರ್ಚ್

ಪ್ರೀತಿಯ ಗುಬ್ಬಿ,

ನಿಮ್ಮಣ್ಣ ಚೆನ್ನಾಗಿದ್ದಾರೆ. ಕನ್ನಡಕದ ನಂಬರು ಬದಲಾಗಿದೆ, ಬರವಣಿಗೆ ಅದಕ್ಕೇ ಹಾಗಾಗಿದೆ. ಹೊಸದು ಮಾಡಿಸುವವರೆಗೆ ಕೆಂಪು ಶಾಯಿ ಹಾಕಿ ಕಳಿಸಬೇಡ. ಈ ಸಲದ್ದನ್ನು ನಾನು ಕೊಡುತ್ತಿರಲಿಲ್ಲ, ಆದರೆ ಲಕೋಟೆ ಅವರ ಕೈಗೇ ಸಿಕ್ಕಿತು. ಇಡೀ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅದನ್ನೇ ನೋಡುತ್ತಿದ್ದರು. ಊಟಕ್ಕೂ ಏಳಲಿಲ್ಲ. ತಮಾಷೆಗೆ ಮಾಡಿದ್ದಾನೆ ಅಂದೆ. "ಗೊತ್ತು, ಗೊತ್ತು" ಅಂದರು.

ಫೋನಿನಲ್ಲಿ ನಾನು ಎರಡು ಮಾತಾಡಿ ಇಟ್ಟುಬಿಡುತ್ತೇನೆ ಅಂತ ಬೇಜಾರು ಮಾಡಿಕೊಳ್ಳಬೇಡ. ಇವರು ಪಕ್ಕದಲ್ಲೇ ನಿಂತಿರುತ್ತಾರೆ. ನನಗೆ ಕಾಗದವೇ ಅನುಕೂಲ.

ಕಡಲ ದಾರಿ ಈ ವರ್ಷ ಬೇಡ. ನನಗೆ ಮಂಡಿ ನೋವು. ಆಸ್ಪತ್ರೆಯವರ ನಿಲುವಂಗಿಗಳು ಅರವತ್ತು ಹೊಲಿಯುವುದು ಬಾಕಿ ಇದೆ. ಕತ್ತರಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಅಭ್ಯಾಸ ಮಾಡಿಕೊಂಡಿದ್ದೇನೆ, ಹಾಗಾಗಿ ಕೆಲಸವೂ ನಿಧಾನ. ಹಿತ್ತಿಲ ಬಾಗಿಲಿಗೆ ಮೇಲುಗಡೆ ಹೊಸ ಚಿಲಕ ಹಾಕಿಸಿದೆ, ಗಾಳಿಗೆ ಬಡಿದುಕೊಳ್ಳುತ್ತಿತ್ತು. ಗ್ಯಾಸ್ ಒಲೆಯ ಗುಂಡಿಗಳನ್ನೂ ಕಳಚಿ ತೊಳೆದು ಎತ್ತಿಟ್ಟಿದ್ದೇನೆ. ಮನೆ ಅಂದಮೇಲೆ ಇಂಥವು ಇದ್ದದ್ದೇ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತಿಗೆ


೨೦ ಮಾರ್ಚ್

ಅತ್ತಿಗೆಗೆ ನಮಸ್ಕಾರ,

ಸಿಟ್ಟಾಗಬೇಡಿ, ಆದರೆ ಹೇಳಬೇಕಾದದ್ದನ್ನು ಹೇಳುತ್ತೇನೆ. ಭಾನುವಾರ ಫೋನ್ ಮಾಡಿದಾಗ ಅಣ್ಣನೇ ಎತ್ತಿದ. ದಾರಿಗೆ ಹೋಗಲ್ವೇನೋ ಅಂದೆ. ದನಿ ತಗ್ಗಿಸಿ, "ಇವಳು ಬಿಡಲ್ಲ ಕಣೋ. ಎಲ್ಲದಕ್ಕೂ ಚಿಲಕ. ನನ್ನ ಬೂಟು ಎಲ್ಲಿಟ್ಟಿದ್ದಾಳೋ" ಅಂದ. ಮಳೆ ಗಾಳಿ ಅನ್ನದೆ ಬಂಡೆಯಂಚಿನಲ್ಲಿ ಬದುಕಿದ ಮನುಷ್ಯ. ಅವನನ್ನು ಗಾಜಿನ ಲೋಟದ ಹಾಗೆ ಬೀರುವಿನಲ್ಲಿಟ್ಟರೆ ಏನಾಗುತ್ತಾನೆ?

ನಿಮಗೆ ಅವನ ಮೇಲೆ ಏನಾದರೂ ಬೇಸರವಿದೆಯೇ? ನಿವೃತ್ತಿಯಾದ ಗಂಡ ಇಡೀ ದಿನ ಕಾಲಿಗೆ ತೊಡರುತ್ತಿದ್ದರೆ ಯಾರಿಗಾದರೂ ಸಾಕೆನಿಸುತ್ತದೆ, ಅದು ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ನನಗೆ ಹೇಳಿ. ಆದರೆ ಅವನನ್ನು ಹೊರಗೆ ಬಿಡಿ. ಒಂದೇ ದಿನದ ನಡಿಗೆ. ನನಗೋಸ್ಕರ ಅಂದುಕೊಳ್ಳಿ. ಹೋಗಿ ಬಂದು 'ಚೆನ್ನಾಗಿ ನಡೆದರು' ಅಂತ ನಾಲ್ಕು ಸಾಲು ಬರೆಯಿರಿ, ಸಾಕು.

ಗುಬ್ಬಿ


೨ ಏಪ್ರಿಲ್

ಗುಬ್ಬಿ,

ನಿನ್ನ ಪತ್ರ ಓದಿದೆ. ಎರಡು ದಿನ ಉತ್ತರ ಬರೆಯುವ ಮನಸ್ಸಾಗಲಿಲ್ಲ. ಆಮೇಲೆ ನೀನು ಹೇಳಿದ್ದೇ ಸರಿ ಇರಬಹುದು ಅನಿಸಿತು. ಹೊರಗಿನವರಿಗೆ ಕಾಣುವುದು ಒಳಗಿರುವವರಿಗೆ ಕಾಣದೆ ಹೋಗುವುದೂ ಉಂಟು.

ಶನಿವಾರ, ಎಂಟನೇ ತಾರೀಖು ಹೋಗುತ್ತಿದ್ದೇವೆ. ಬೂಟು ತೆಗೆದುಕೊಟ್ಟೆ. ನಿನ್ನೆಯಿಂದ ಅದಕ್ಕೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದಾರೆ. ಅವರು ಇಷ್ಟು ಸಂತೋಷವಾಗಿದ್ದದ್ದನ್ನು ನೋಡಿ ತುಂಬಾ ದಿನವಾಗಿತ್ತು. ರೇಡಿಯೋದಲ್ಲಿ ಬಿಸಿಲು ಅಂತ ಹೇಳಿದ್ದಾರೆ.

ಬಂದಮೇಲೆ ಬರೆಯುತ್ತೇನೆ.

ಅತ್ತಿಗೆ


೧೭ ಏಪ್ರಿಲ್

ಅತ್ತಿಗೆಗೆ ನಮಸ್ಕಾರ,

ನಿಮ್ಮ ಕಾಗದಕ್ಕೆ ಕಾಯುತ್ತಿದ್ದೇನೆ. ನಡೆದು ಬಂದು ಒಂಬತ್ತು ದಿನವಾಯಿತಲ್ಲ. ಮೊನ್ನೆ ಶನಿವಾರ ಫೋನ್ ಮಾಡಿದೆ. ಅಣ್ಣ ಎತ್ತಿದ. ನಡಿಗೆ ಹೇಗಾಯ್ತೋ ಅಂದೆ. "ನಾಳೆ ಹೋಗ್ತಿದ್ದೀವಿ" ಅಂದ. ಮುಂದಕ್ಕೆ ಹಾಕಿದ್ರಾ ಅಂದೆ. "ಇಲ್ಲಪ್ಪ, ನಾಳೆನೇ ಅಲ್ವಾ ಇರೋದು" ಅಂದ. ನೀವೆಲ್ಲಿ ಅಂತ ಕೇಳಿದರೆ, "ಅವಳು ಮಲಗಿದ್ದಾಳೆ, ಕಾಲಿಗೆ ಏನೋ ಕಟ್ಟಿಕೊಂಡಿದ್ದಾಳೆ" ಅಂದು ಇಟ್ಟುಬಿಟ್ಟ.

ನಿಮ್ಮ ಕಾಲಿಗೆ ಏನಾಯಿತು? ಒಂದು ಸಾಲು ಬರೆಯಿರಿ.

ಗುಬ್ಬಿ


೨೧ ಏಪ್ರಿಲ್

ಅತ್ತಿಗೆ,

ನಾಲ್ಕು ದಿನದಿಂದ ಫೋನನ್ನು ಯಾರೂ ಎತ್ತುತ್ತಿಲ್ಲ. ಅಚ್ಚುಕೂಟದಲ್ಲಿ ಇವತ್ತು ಒಂದು ಫಾರ್ಮು, ಹದಿನಾರು ಪುಟ, ಪೂರ್ತಿ ಓದಿದೆ, ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಮೇಲಿನವರು ಕೇಳಿದರು, ಮೈ ಹುಷಾರಿಲ್ಲ ಅಂದೆ. ನನ್ನ ಮೇಲೆ ಸಿಟ್ಟಿದ್ದರೆ ಬೈದಾದರೂ ಬರೆಯಿರಿ.


೨೪ ಏಪ್ರಿಲ್

ಗುಬ್ಬಿ,

ಇದನ್ನು ಕುಳಿತು ಓದು. ನಾವಿಬ್ಬರೂ ಬದುಕಿದ್ದೇವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಂಡಿಗೆ ಏಳು ಹೊಲಿಗೆ ಬಿದ್ದಿದೆ. ಫೋನಿನ ತಂತಿ ಕಿತ್ತದ್ದು ನಾನೇ, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಇವರು ಊಟ ಮಾಡಿ ಮಲಗಿದ್ದಾರೆ. ನನಗೆ ಒಂದು ಗಂಟೆ ಸಿಗುತ್ತದೆ.

ನಿಮ್ಮಣ್ಣನಿಗೆ ಮರೆವಿನ ಕಾಯಿಲೆ. ಡಾಕ್ಟರು ಹೇಳಿ ಎರಡು ವರ್ಷವಾಯಿತು. ಕನ್ನಡಕದ ನಂಬರು ಬದಲಾಗಿಲ್ಲ. ಚಿಲಕ ಹಾಕಿಸಿದ್ದು ಗಾಳಿಗಲ್ಲ. ಒಲೆಯ ಗುಂಡಿ ಕಳಚಿಟ್ಟದ್ದು ತೊಳೆಯುವುದಕ್ಕಲ್ಲ. ನಿನಗೆ ಹೇಳಲಿಲ್ಲ. ಬರೆದರೆ ಅದು ನಿಜವಾಗಿಬಿಡುತ್ತದೆ ಅನಿಸುತ್ತಿತ್ತು. ಡಾಕ್ಟರು ಹೇಳಿದ್ದನ್ನು ಇವರಿಗೂ ನಾನು ಬಿಡಿಸಿ ಹೇಳಿಲ್ಲ. ವಯಸ್ಸಿಗೆ ಸ್ವಲ್ಪ ಮರೆವು ಬರುತ್ತದೆಯಂತೆ ಅಂದೆ. ಒಪ್ಪಿಕೊಂಡರು.

ಆ ಶನಿವಾರ ಬೆಳಿಗ್ಗೆ ಬಂದರಿನ ಹತ್ತಿರ ಬಸ್ಸಿಳಿದಾಗ ಕಣ್ಣು ಬಿಡಲಾಗದಷ್ಟು ಬಿಸಿಲು. ನಿಜ ಹೇಳುತ್ತೇನೆ, ಮೊದಲ ಮೂರು ಗಂಟೆ ನಿನಗೆ ಮನಸ್ಸಿನಲ್ಲೇ ಕೈಮುಗಿದೆ. ಮನೆಯಲ್ಲಿ ಅಂಗಿಯ ಗುಂಡಿ ಹಾಕಲು ತಡಕಾಡುವವರು ಅಲ್ಲಿ ಒಂದೊಂದು ಬಂಡೆಯ ಕಥೆ ಹೇಳುತ್ತಾ ನನಗಿಂತ ಮುಂದೆ ನಡೆದರು. ಈ ಬಿರುಕು ಯಾವ ವರ್ಷದ್ದು, ಆ ಕಲ್ಲಿನ ಕೆಳಗೆ ನೀರು ಹೇಗೆ ನುಗ್ಗುತ್ತದೆ, ಎಲ್ಲವೂ ಬಾಯಲ್ಲೇ ಇತ್ತು. ನಾಯಿ ಕರೆದುಕೊಂಡು ಎದುರಿಗೆ ಬಂದ ಒಬ್ಬ ಹೆಂಗಸಿಗೆ "ಮಧ್ಯಾಹ್ನದೊಳಗೆ ವಾಪಸ್ ಹೋಗಿಬಿಡಿ, ಗಾಳಿ ತಿರುಗ್ತಿದೆ" ಅಂದರು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಅವಳು ನಕ್ಕಳು. ನಾನೂ ನಕ್ಕೆ.

ಹನ್ನೊಂದು ಗಂಟೆಗೆ ಮಳೆ ಬಂತು. ಬಲೆ ಒಣಗಿಸುವ ಹಳೆಯ ಶೆಡ್ಡಿನಲ್ಲಿ ನಿಂತೆವು. ಬ್ರೆಡ್ಡು, ಮೊಟ್ಟೆ ತಿಂದೆವು. ಅಲ್ಲಿ ಇವರು ನನ್ನನ್ನು ಒಂದು ತರಹ ನೋಡಿದರು. "ಮೇಡಂ, ನೀವೂ ಸರ್ವೆಗೆ ಬಂದಿದ್ದೀರಾ?" ಅಂದರು. ತಮಾಷೆ ಇರಬೇಕು ಅಂತ ನಾನು ಹೌದು ಅಂದೆ. ತಮಾಷೆಯಲ್ಲ ಅಂತ ಆ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಆಗಲೇ ವಾಪಸ್ ಹೊರಡಬೇಕಿತ್ತು. ಆದರೆ ಮಳೆ ನಿಂತು ಮತ್ತೆ ಬಿಸಿಲು ಬಿತ್ತು, ಇವರು "ನಡಿಯೇ, ಕಾಲು ನೋವಾ?" ಅಂದರು. ಮತ್ತೆ ನನ್ನವರಾಗಿದ್ದರು. ನಡೆದೆವು.

ದೊಡ್ಡ ಕುಸಿತ ನೆನಪಿದೆಯಲ್ಲ ನಿನಗೆ. ಹನ್ನೊಂದು ವರ್ಷದ ಹಿಂದೆ ಇಡೀ ದಿಣ್ಣೆಯೇ ಕಳಚಿ ಸಮುದ್ರಕ್ಕೆ ಬಿತ್ತು. ಅಲ್ಲಿಂದ ದಾರಿಯನ್ನು ಒಳಗಡೆ ಹೊಲಗಳ ಮೇಲೆ ತಿರುಗಿಸಿದ್ದಾರೆ. ಹಳೆಯ ದಾರಿಗೆ ಹಗ್ಗ ಕಟ್ಟಿ 'ದಾರಿ ಮುಚ್ಚಿದೆ' ಅಂತ ಹಲಗೆ ನಿಲ್ಲಿಸಿದ್ದಾರೆ. ದಾರಿ ಮುಚ್ಚಬೇಕು ಅಂತ ವರದಿ ಬರೆದದ್ದು ನಿಮ್ಮಣ್ಣನೇ.

ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಮಂಜು ಬಂತು. ಮೊದಲು ದೀಪಸ್ತಂಭ ಹೋಯಿತು, ಆಮೇಲೆ ನೀರು ಹೋಯಿತು, ಆಮೇಲೆ ಪಕ್ಕದ ಬೇಲಿಯೂ ಹೋಯಿತು. ಇವರು ಆ ಹಗ್ಗದ ಮುಂದೆ ನಿಂತರು.

"ಇದನ್ನ ಯಾರು ಕಟ್ಟಿದ್ದು ಇಲ್ಲಿ?"

"ದಾರಿ ಮುಚ್ಚಿದೆ ರೀ. ಆ ಕಡೆ ಹೋಗೋಣ."

"ಯಾರೋ ತಲೆ ಇಲ್ಲದವರು ಕಟ್ಟಿದ್ದಾರೆ. ಇದು ನನ್ನ ದಾರಿ, ನನಗೆ ಹೇಳ್ತೀಯಾ?"

ಹಗ್ಗ ಎತ್ತಿ ನುಸುಳಿದರು. ನಾನು ತೋಳು ಹಿಡಿದು ಎಳೆದೆ. ಕೊಡವಿದರು. ನಾನು ಬಿದ್ದೆ, ಮಂಡಿ ಕಲ್ಲಿಗೆ ತಾಗಿತು. ಬಿದ್ದದ್ದನ್ನು ಅವರು ನೋಡಲೂ ಇಲ್ಲ ಗುಬ್ಬಿ. ಅವರ ಊರುಗೋಲಿನ ಸದ್ದು ಮುಂದೆ ಮುಂದೆ ಹೋಗುತ್ತಿತ್ತು, ಟಕ್, ಟಕ್ ಅಂತ, ಒಂದಿಷ್ಟೂ ಅನುಮಾನವಿಲ್ಲದ ನಡಿಗೆ. ಅವರ ಕಣ್ಣ ಮುಂದೆ ಆ ದಿಣ್ಣೆ ಇನ್ನೂ ಇತ್ತು. ನನಗೆ ಸಮುದ್ರದ ಸದ್ದು ಕೇಳುತ್ತಿತ್ತು, ಅದು ಪಕ್ಕದಿಂದ ಬರುತ್ತಿರಲಿಲ್ಲ, ಮುಂದಿನಿಂದ, ಕೆಳಗಿನಿಂದ ಬರುತ್ತಿತ್ತು.

ನಿಲ್ಲಿ ಅಂತ ಕೂಗಿದೆ. ನಿಲ್ಲಲಿಲ್ಲ. ಬೇಡ ಅಂದಷ್ಟೂ ಹಟ ಹೆಚ್ಚುತ್ತದೆ ಅಂತ ಈ ಎರಡು ವರ್ಷದಲ್ಲಿ ನನಗೆ ಗೊತ್ತಾಗಿದೆ. ಓಡಿ ಹಿಡಿಯೋಣ ಅಂದರೆ ಕಾಲು ಊರಲಾಗುತ್ತಿಲ್ಲ. ಎದ್ದರೂ ಅವರು ನನ್ನಿಂದ ತಪ್ಪಿಸಿಕೊಳ್ಳಲು ಇನ್ನೆರಡು ಹೆಜ್ಜೆ ಮುಂದೆ ಹಾಕಿದರೆ ಅಂತ ಭಯ. ಕೋಲಿನ ಸದ್ದು ತಪ್ಪಿಹೋಗಬಾರದು ಅಂತ ಕಿವಿಗೊಟ್ಟೆ.

ಮದುವೆಯಾದ ಹೊಸದರಲ್ಲಿ ಇವರ ಜೊತೆಯ ಕೆಲಸದವನು ಬಾರದ ದಿನ ನಾನು ಟೇಪು ಹಿಡಿಯಲು ಹೋಗುತ್ತಿದ್ದೆ. ಒಬ್ಬರು ಅಳತೆ ಟೇಪಿನ ಸೊನ್ನೆಯ ತುದಿಯನ್ನು ನೆಲಕ್ಕೆ ಒತ್ತಿ ಕೂರಬೇಕು, ಇನ್ನೊಬ್ಬರು ಸುತ್ತು ಬಿಚ್ಚುತ್ತಾ ಹೋಗಿ ಅಳತೆ ಓದಬೇಕು. ಒಂದು ಸಲ ನಾನು ಸೊಳ್ಳೆ ಓಡಿಸಲು ಕೈ ಎತ್ತಿದ್ದಕ್ಕೆ ಇವರು ರೇಗಿದ್ದರು. ಸೊನ್ನೆ ಹಿಡಿದವರು ಅಲುಗಾಡಬಾರದು, ಆಕಾಶ ಕಳಚಿ ಬಿದ್ದರೂ ಅಲುಗಾಡಬಾರದು ಅಂತ.

ಅದು ಯಾಕೆ ಆಗ ನೆನಪಿಗೆ ಬಂತೋ ಗೊತ್ತಿಲ್ಲ. ಅಳುವ ದನಿಯನ್ನು ನುಂಗಿ, ಕಚೇರಿಯವರ ಹಾಗೆ ಗಟ್ಟಿಯಾಗಿ ಕೂಗಿದೆ. "ಸಾರ್, ಸೊನ್ನೆ ನಿಮ್ಮ ಕೈಲಿದೆ. ಅಲ್ಲೇ ಹಿಡ್ಕೊಳ್ಳಿ. ನಾನು ಅಳತೆ ಓದ್ತೀನಿ."

ಕೋಲಿನ ಸದ್ದು ನಿಂತಿತು.

"ಹಿಡಿದಿದ್ದೀನಿ" ಅಂದರು ಮಂಜಿನೊಳಗಿನಿಂದ. "ಬೇಗ ಓದಿ."

ನಾನು ಕೈಮೇಲೆ, ಒಂದು ಮಂಡಿಯ ಮೇಲೆ ತೆವಳುತ್ತಾ ಹೋದೆ. ಬಾಯಿಗೆ ಬಂದ ಅಂಕಿ ಹೇಳುತ್ತಾ ಹೋದೆ, ಹನ್ನೆರಡು, ಹನ್ನೊಂದು, ಹತ್ತು ಅಂತ. ಮಾತು ನಿಲ್ಲಿಸಿದರೆ ಎದ್ದುಬಿಡುತ್ತಾರೆ ಅನಿಸುತ್ತಿತ್ತು. ಅವರ ಬೆನ್ನು ಕಂಡಾಗ, ಕುಕ್ಕರುಗಾಲಿನಲ್ಲಿ ಕುಳಿತು ಎರಡೂ ಹೆಬ್ಬೆರಳನ್ನು ಹುಲ್ಲಿಗೆ ಒತ್ತಿ ಹಿಡಿದಿದ್ದರು. ಅವರ ಮುಂದೆ ಮೂರು ಹೆಜ್ಜೆ ಹುಲ್ಲು. ಅದರ ಮುಂದೆ ಏನೂ ಇಲ್ಲ. ನಾನು ಹಿಂದಿನಿಂದ ಅವರ ಬೆಲ್ಟು ಹಿಡಿದುಕೊಂಡೆ.

ಆಗ ಗಾಳಿಗೆ ಮಂಜು ಒಂದು ಕ್ಷಣ ಸರಿಯಿತು. ಕೆಳಗೆ ನೀರು, ಕಲ್ಲು, ಆಳ. ಇವರು ನೋಡಿದರು.

"ಇಲ್ಲಿಂದ ಮುಂದೆ ನಲವತ್ತೆರಡು ಮೀಟರ್ ನೆಲ ಇತ್ತು" ಅಂದರು.

"ಹೌದು."

"ಯಾವಾಗ ಹೋಯ್ತು?"

"ಹನ್ನೊಂದು ವರ್ಷ ಆಯ್ತು. ನೀವೇ ಅಳೆದಿದ್ದು."

ಹೆಬ್ಬೆರಳು ತೆಗೆಯಲಿಲ್ಲ. "ನಾನು ಎದ್ದರೆ ಬೀಳ್ತೀನಾ?" ಅಂತ ಮಗುವಿನ ಹಾಗೆ ಕೇಳಿದರು. ಬೀಳಲ್ಲ, ಹಿಂದಕ್ಕೆ ಬನ್ನಿ, ಕೂತುಕೊಂಡೇ ಬನ್ನಿ ಅಂದೆ. ಹಗ್ಗದವರೆಗೆ ಇಬ್ಬರೂ ಕುಳಿತುಕೊಂಡೇ ಬಂದೆವು. ಅಷ್ಟರಲ್ಲಿ ಜಡಿಮಳೆ ಹಿಡಿದಿತ್ತು. ನಾಯಿ ಕರೆದುಕೊಂಡು ಹೋಗುತ್ತಿದ್ದ ಆ ಹೆಂಗಸೇ ಹೊಲದ ದಾರಿಯಲ್ಲಿ ನಮ್ಮನ್ನು ನೋಡಿ ತನ್ನ ಗಾಡಿಯಲ್ಲಿ ಆಸ್ಪತ್ರೆಗೆ ತಂದು ಬಿಟ್ಟಳು. ಗಾಡಿಯಲ್ಲಿ ನಿಮ್ಮಣ್ಣ ನನ್ನ ಕೈ ಬಿಡಲಿಲ್ಲ. ಸಂಜೆ ಮನೆಗೆ ಬಂದು ಟೀ ಕುಡಿದು, "ಬೂಟಿಗೆ ಎಣ್ಣೆ ಹಚ್ಚಿದ್ದೀನಿ, ನಾಳೆ ಹೋಗೋಣ್ವಾ?" ಅಂದರು.

ಅಂದಿನಿಂದ ದಿನಾ ಬೆಳಿಗ್ಗೆ ಹೊರಡುತ್ತಾರೆ. ಫೋನು ಹೊಡೆದುಕೊಂಡರೆ ಸರ್ವೆ ಇಲಾಖೆಯವರು ಕರೆಯುತ್ತಿದ್ದಾರೆ ಅಂತ ಬಾಗಿಲಿಗೆ ಓಡುತ್ತಾರೆ. ಕಟ್ಟು ಹಾಕಿದ ಕಾಲಿನಲ್ಲಿ ನನಗೆ ತಡೆಯಲಾಗುವುದಿಲ್ಲ, ಅದಕ್ಕೇ ತಂತಿ ಕಿತ್ತೆ. ಬಿಸಿಲು ಬಂದರೆ ನನಗೆ ಭಯ. ಮಳೆ ಬಂದರೆ ಒಳಗಿರುತ್ತಾರೆ ಅಂತ ಸಮಾಧಾನ. ನಾನು ಇಷ್ಟು ಭಯಪಡುವ ಹೆಂಗಸಾಗಿರಲಿಲ್ಲ, ನಿನಗೇ ಗೊತ್ತು.

ಎದ್ದರು ಅನಿಸುತ್ತೆ. ನಿಲ್ಲಿಸುತ್ತೇನೆ.

ಅತ್ತಿಗೆ


೧ ಮೇ

ಅತ್ತಿಗೆ,

ನಿಮ್ಮ ಪತ್ರವನ್ನು ಅಚ್ಚುಕೂಟದ ಮೆಟ್ಟಿಲ ಮೇಲೆ ಕುಳಿತು ಓದಿದೆ. ನಾಲ್ಕು ಸಲ ಉತ್ತರ ಬರೆದು ಹರಿದೆ. ಐದನೆಯದರಲ್ಲಿ ಸುಳ್ಳು ಹೇಳುವುದಿಲ್ಲ.

ನನಗೆ ಗೊತ್ತಿತ್ತು.

ಹೋದ ವರ್ಷ ಜುಲೈಯಲ್ಲಿ ಅಣ್ಣನ ಒಂದೇ ಪತ್ರ ಎರಡು ಸಲ ಬಂತು. ಅದೇ ಸುದ್ದಿ, ಅದೇ ಮಾತು, ನಾಲ್ಕು ದಿನದ ಅಂತರ. ಎರಡನ್ನೂ ಮೇಜಿನ ಮೇಲಿಟ್ಟು ಕರಡು ತಾಳೆ ನೋಡುವ ಹಾಗೆ ಸಾಲು ಸಾಲು ನೋಡಿದೆ. ಎರಡನೆಯದರಲ್ಲಿ ನನ್ನ ವಿಳಾಸದ ಬೀದಿ ಬಿಟ್ಟುಹೋಗಿತ್ತು. ಅಕ್ಷರ ತಪ್ಪುವುದು ಬೇರೆ, ತಲೆ ತಪ್ಪುವುದು ಬೇರೆ. ಅದನ್ನು ಗುರುತಿಸುವುದೇ ನನ್ನ ಹೊಟ್ಟೆಪಾಡು. ಎರಡನ್ನೂ ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದೆ.

ಅಮ್ಮನ ಕೊನೆಯ ವರ್ಷಗಳು ನಿಮಗೆ ನೆನಪಿದೆ. ಕೊನೆಗೆ ಎಲ್ಲವನ್ನೂ ಮಾಡಿದ್ದು ನೀವಿಬ್ಬರೇ. ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಅಮ್ಮ ನನ್ನನ್ನು ಕಳ್ಳ ಅಂದುಕೊಂಡು ಪೊರಕೆ ಹಿಡಿದು ನಿಂತಿದ್ದಳು. ಅವಳ ಕಣ್ಣಲ್ಲಿ ನಾನು ಯಾರೂ ಆಗಿರಲಿಲ್ಲ. ಅದಾಗಿ ತಿಂಗಳೊಳಗೆ ಇಲ್ಲಿ ಕೆಲಸ ಹುಡುಕಿಕೊಂಡು ಬಂದುಬಿಟ್ಟೆ. ಒಳ್ಳೆಯ ಕೆಲಸ ಸಿಕ್ಕಿತು ಅಂತ ಎಲ್ಲರಿಗೂ ಹೇಳಿದೆ. ಓಡಿಬಂದೆ, ಅಷ್ಟೇ.

ಈಗ ಅಣ್ಣನಿಗೂ ಅದೇ ಬಂದಿದ್ದರೆ, ಮುಂದೆ ನನಗೂ ಬರುತ್ತದೆ ಅಂತ ಭಯ. ಬೆಳಿಗ್ಗೆ ಎದ್ದು ಅಚ್ಚುಕೂಟದಲ್ಲಿರುವ ಹದಿನಾಲ್ಕು ಜನರ ಹೆಸರು ಹೇಳಿಕೊಳ್ಳುತ್ತೇನೆ. ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದು ತಮಾಷೆಗಲ್ಲ. ಅವನು ಸಿಟ್ಟಾಗಿ, ತಪ್ಪಿಲ್ಲದ ಪತ್ರ ಬರೆಯಲಿ ಅಂತ. ನಡಿಗೆಗೆ ಕಳಿಸಿದ್ದೂ ಹಾಗೇ. ನೀವು ಹೋಗಿ ಬಂದು 'ಚೆನ್ನಾಗಿ ನಡೆದರು' ಅಂತ ಬರೆದರೆ ನಾನು ನಿದ್ದೆ ಮಾಡಬಹುದಿತ್ತು. ನನ್ನ ಸಮಾಧಾನಕ್ಕೆ ನಿಮ್ಮಿಬ್ಬರನ್ನು ಆ ಅಂಚಿಗೆ ಕಳಿಸಿದೆ.

ಇನ್ನು ನೀವು ಏನು ಬೇಕಾದರೂ ಹೇಳಬಹುದು.

ಗುಬ್ಬಿ


೯ ಮೇ

ಗುಬ್ಬಿ,

ನಿನ್ನ ಪತ್ರ ಓದಿ ಒಲೆಗೆ ಹಾಕಬೇಕೆನಿಸಿತು. ಹಾಕಲಿಲ್ಲ, ಗುಂಡಿ ಹುಡುಕಬೇಕಿತ್ತು.

ಹೋದ ಜುಲೈ ಅಂದೆಯಲ್ಲ. ಆ ಜುಲೈಯಲ್ಲಿ ನಾನು ಇವರನ್ನು ಹುಡುಕುತ್ತಾ ಬಸ್ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಅಲೆಯುತ್ತಿದ್ದೆ. ನಿನಗೆ ಗೊತ್ತಿದ್ದೂ ನೀನು ಖಾನೆ ಮುಚ್ಚಿದೆ. ನಾನೂ ನಿನಗೆ ಹೇಳಲಿಲ್ಲ, ನಿಜ. ಆದರೆ ನಾನು ಇಲ್ಲೇ ಇದ್ದುಕೊಂಡು ಹೇಳಲಿಲ್ಲ. ಎರಡೂ ಒಂದೇ ಅಲ್ಲ.

ಕ್ಷಮಿಸಿ ಅಂತ ಇನ್ನೊಂದು ಕಾಗದ ಬೇಡ. ಬಾ. ಹತ್ತು ದಿನ ಬಾ. ಇವರಿಗೆ ಸ್ನಾನ ಮಾಡಿಸುವುದು ಕಲಿತುಕೋ. ಹೊರಡುತ್ತೇನೆ ಅಂದಾಗ ಬೇಡ ಅನ್ನದೆ ಜೊತೆಗೆ ಬೀದಿ ಸುತ್ತಿ ವಾಪಸ್ ಕರೆತರುವುದು ಕಲಿತುಕೋ. ನಿನ್ನ ಗುರುತು ಸಿಗದಿದ್ದರೆ ಮುಖ ಸಣ್ಣಗೆ ಮಾಡಬೇಡ. ನನಗೆ ಎರಡು ಮಧ್ಯಾಹ್ನ ಮಲಗಬೇಕು. ನಿನ್ನಿಂದ ಬೇರೇನೂ ಬೇಡ.

ಅತ್ತಿಗೆ


೧೬ ಜೂನ್

ಅತ್ತಿಗೆಗೆ ನಮಸ್ಕಾರ,

ನಿನ್ನೆ ಇಲ್ಲಿಗೆ ತಲುಪಿದೆ. ನಿಮ್ಮ ಮನೆಯಲ್ಲಿದ್ದ ಹತ್ತು ದಿನದಲ್ಲಿ ನಿಮಗೆ ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ಎದುರಿಗೆ ಹೇಳಲಾಗಲಿಲ್ಲ. ಇನ್ನು ಖಾನೆಯೊಳಗೆ ಏನನ್ನೂ ಇಡುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ಎಂಟನೇ ದಿನ ಬಂದರಿನ ಬೆಂಚಿನ ಮೇಲೆ ನಮ್ಮಿಬ್ಬರನ್ನು ಕೂರಿಸಿ ನೀವು ಔಷಧಿ ತರಲು ಹೋದಿರಲ್ಲ, ಆಗ ಆದದ್ದು. ಬಿಸಿಲು ಹೋಗಿ ತುಂತುರು ಶುರುವಾಗಿತ್ತು. ಅಣ್ಣ ಸುಮ್ಮನೆ ದೋಣಿ ನೋಡುತ್ತಿದ್ದವನು ನನ್ನ ಕಡೆ ತಿರುಗಿ, "ತಾವು ಎಲ್ಲಿಗೆ ಹೋಗ್ಬೇಕು?" ಅಂದ.

ಅತ್ತಿಗೆ, ಪೊರಕೆ ಹಿಡಿದು ನಿಂತ ಅಮ್ಮ ಕಣ್ಣ ಮುಂದೆ ಬಂದಳು. ಕಾಲು ತಾನಾಗಿಯೇ ಏಳಲು ನೋಡಿತು. ಬೆಂಚಿನ ಅಂಚು ಹಿಡಿದು ಕುಳಿತೆ. "ಎಲ್ಲಿಗೂ ಇಲ್ಲ. ಸುಮ್ಮನೆ ಕೂತಿದ್ದೀನಿ" ಅಂದೆ.

"ಒಳ್ಳೇದಾಯ್ತು" ಅಂದ. ಮತ್ತೆ ದೋಣಿಗಳ ಕಡೆ ತಿರುಗಿ, "ನನಗೆ ಮರೆವಿನ ಕಾಯಿಲೆ. ತಮಗೆ ಹೇಳಿದ್ರೆ ಪರವಾಗಿಲ್ಲ, ತಾವು ಹೊರಗಿನವರು. ನನ್ನ ಹೆಂಡತಿಗೆ ಗೊತ್ತಿದೆ. ನನಗೆ ಗೊತ್ತಿರೋದು ಅವಳಿಗೆ ಗೊತ್ತಿಲ್ಲ" ಅಂದ.

"ಅವರಿಗೆ ಯಾಕೆ ಹೇಳಲಿಲ್ಲ?"

"ಅವಳು ನನ್ನಿಂದ ಮುಚ್ಚಿಡ್ತಿದ್ದಾಳೆ. ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿರೋದನ್ನ ನಾನೇ ಬಿಚ್ಚಿದ್ರೆ ಹೇಗೆ?"

ನೀವು ಇದನ್ನು ಓದುವಾಗ ನಾನು ಎದುರಿಗಿಲ್ಲದಿರುವುದೇ ಒಳ್ಳೆಯದು.

ಆಮೇಲೆ ಅವನು ನನ್ನ ಹತ್ತಿರಕ್ಕೆ ಜರುಗಿ ಕುಳಿತ. "ನನಗೆ ಒಬ್ಬ ತಮ್ಮ ಇದ್ದಾನೆ. ಗುಬ್ಬಿ ಅಂತೀವಿ. ದೂರದಲ್ಲಿದ್ದಾನೆ, ಅಚ್ಚಿನ ಕೆಲಸ. ಅವನಿಗೆ ಮಾತ್ರ ಯಾರೂ ಹೇಳಬಾರದು. ಕಾಗದ ಬರೆಯುವಾಗ ಹುಷಾರಾಗಿ ಬರೀತೀನಿ, ಒಂದೊಂದು ಮಾತು ಸಿಗೋದೇ ಇಲ್ಲ. ಜಾಗ ಬಿಟ್ಟು ಆಮೇಲೆ ತುಂಬೋಣ ಅಂತ ಇಡ್ತೀನಿ. ಅವನು ಹೆದರ್ತಾನೆ. ನಮ್ಮ ಅಮ್ಮನಿಗೆ ಹೀಗೇ ಆದಾಗ ಹುಡುಗ ತುಂಬಾ ಹೆದರಿಬಿಟ್ಟ. ನಾನೇ ಹೋಗೋ, ಹೋಗಿ ಎಲ್ಲಾದ್ರೂ ಕೆಲಸ ನೋಡ್ಕೋ ಅಂತ ಕಳಿಸಿದ್ದು."

ಕಳಿಸಿದ್ದು ನಿಜವೇ, ಅತ್ತಿಗೆ? ನನಗೆ ನೆನಪಿಲ್ಲ. ಮೂವತ್ತು ವರ್ಷದಿಂದ ನಾನು ಓಡಿಬಂದೆ ಅಂತಲೇ ನನ್ನ ಲೆಕ್ಕ. ಅವನಿಗೆ ತಪ್ಪು ನೆನಪೋ, ನನಗೆ ತಪ್ಪು ನೆನಪೋ, ಈಗ ಹೇಳುವವರು ನೀವೊಬ್ಬರೇ.

"ನಿಮ್ಮ ತಮ್ಮ ಈಗ ದೊಡ್ಡವರಾಗಿರ್ತಾರೆ. ತಡ್ಕೋತಾರೆ" ಅಂದೆ.

"ತಮಗೆ ಹೇಗೆ ಗೊತ್ತು?"

"ನನಗೂ ಒಬ್ಬ ಅಣ್ಣ ಇದ್ದಾನೆ."

ಅವನು ನನ್ನ ಮುಖವನ್ನು ತುಂಬಾ ಹೊತ್ತು ನೋಡಿದ. ನೀವು ಔಷಧಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದಿರಿ. ಎದ್ದು ನಿಂತು, "ಏಳೋ, ಒದ್ದೆಯಾಗ್ತೀಯ" ಅಂದ. ಯಾರಿಗೆ ಅಂದ, ನನಗೋ, ಆ ಹೊರಗಿನವನಿಗೋ, ನಾನು ಕೇಳಲಿಲ್ಲ.

ಅಚ್ಚುಕೂಟಕ್ಕೆ ಇವತ್ತು ರಾಜೀನಾಮೆ ಬರೆದುಕೊಟ್ಟೆ. ಕರಡುಗಳನ್ನು ಅಂಚೆಯಲ್ಲಿ ಕಳಿಸುತ್ತಾರಂತೆ, ನಿಮ್ಮ ಮನೆಯಲ್ಲೇ ಕುಳಿತು ತಿದ್ದಿ ಕಳಿಸಿದರಾಯಿತು. ಹೊಲಿಗೆಯ ಕೋಣೆಯಲ್ಲಿ ನಿಲುವಂಗಿಗಳ ಗಂಟನ್ನು ಸ್ವಲ್ಪ ಸರಿಸಿದರೆ ನನ್ನ ಮಂಚಕ್ಕೆ ಜಾಗವಾಗುತ್ತದೆ, ಅಳೆದು ನೋಡಿ ಬಂದಿದ್ದೇನೆ. ನನಗೆ ಭಯ ಹೋಗಿಲ್ಲ ಅತ್ತಿಗೆ. ಅವನ ಬಗ್ಗೆಯೂ ಇದೆ, ನನ್ನ ಬಗ್ಗೆಯೂ ಇದೆ. ಬೆಳಿಗ್ಗೆ ಹದಿನಾಲ್ಕು ಹೆಸರು ಈಗಲೂ ಹೇಳಿಕೊಳ್ಳುತ್ತೇನೆ.

ಜುಲೈ ಎರಡಕ್ಕೆ ಬೆಳಿಗ್ಗೆ ಹತ್ತರ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡಿ, ಅಣ್ಣ ಒಬ್ಬನೇ ಆಗುತ್ತಾನೆ. ನಾನೇ ನಡೆದು ಬರುತ್ತೇನೆ. ಬಾಗಿಲು ತೆರೆದವನು ಅವನಾಗಿದ್ದು, ಯಾರು ಬೇಕಿತ್ತು ಅಂತ ಕೇಳಿದರೆ, ನೀವು ಒಳಗಿನಿಂದ ಓಡಿಬರಬೇಡಿ. ಹೇಳಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಕೊಡಿ.

ಗುಬ್ಬಿ